ವಿದ್ಯುತ್ತಿನ ನಾದಕ್ಕೆ ಬಹಿಷ್ಕಾರವೆ?

ಗುಂಡ್ಯದಂಥ ಊರಿನಲ್ಲಿ ಸಿಂಥೆಸೈಸರ್ ಯಾಕೆ ಎಂದು ಕೇಳುವವರು ಕೆಲವರು. ಅದು ಸಂಗೀತವೇ ಅಲ್ಲ ಎನ್ನುವವರು ಇನ್ನು ಕೆಲವರು. ಮೊದಲಿನವರೊಡನೆ ನನಗೆ ಜಗಳವಿಲ್ಲ. ಹನ್ನೆರಡು ವರ್ಷ ಅಡಿಕೆಯ ಹಣದಲ್ಲಿ ಉಳಿಸಿ, ಒಂದೊಂದೇ ಭಾಗ ತರಿಸಿ ಜೋಡಿಸಿಕೊಂಡ ಅನಲಾಗ್ ಸಿಂಥೆಸೈಸರ್ ಕೊನೆಗೂ ನನ್ನ ಮೇಜಿನ ಮೇಲಿದೆ. ಆ ದುಡ್ಡಿಗೆ ತೋಟಕ್ಕೆ ಹೊಸ ಪಂಪು ಬರುತ್ತಿತ್ತೆಂಬ ಅವರ ಲೆಕ್ಕ ಸರಿಯೇ. ಉತ್ತರ ಕೊಡಬೇಕಾದದ್ದು ಎರಡನೆಯವರಿಗೆ.

“ತಂತಿಯಿಲ್ಲ, ಚರ್ಮವಿಲ್ಲ, ಉಸಿರಿಲ್ಲ, ಬರಿಯ ಕರೆಂಟು. ಇದನ್ನು ನಾದವೆನ್ನಬಹುದೆ?” ಎನ್ನುತ್ತಾರೆ ಈ ಮಹನೀಯರು. ಆಗಲಿ. ತಾವು ಹಾಡಲು ಕುಳಿತಾಗ ಪಕ್ಕದಲ್ಲಿ ಗುಂಯ್‌ಗುಡುವ ಶ್ರುತಿಪೆಟ್ಟಿಗೆ ಯಾವುದರಿಂದ ನಡೆಯುತ್ತದೆ, ಸ್ವಾಮಿ? ಬೆಂಗಳೂರಿನಲ್ಲಿ ಕೊಳಲು ಬಲ್ಲ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅವರು ಅಂಥ ಪೆಟ್ಟಿಗೆ ಮಾಡಿ ದಶಕಗಳೇ ಕಳೆದವು. ಷಡ್ಜ ಪಂಚಮಗಳಿಗೆ ಒಗ್ಗಿದ ವಿದ್ಯುತ್ತು ಗಾಂಧಾರಕ್ಕೆ ಬಂದೊಡನೆ ಮೈಲಿಗೆಯಾಗುವುದು ಯಾವ ಶಾಸ್ತ್ರ?

ಹಾರ್ಮೋನಿಯಮ್ಮಿನ ಕಥೆಯನ್ನು ನೆನೆಯಬೇಕು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗೆ ಹಾಕಿತು. ಬಾಗಿಲು ಸ್ವಲ್ಪ ತೆರೆಯಲು 1971 ಬರಬೇಕಾಯಿತು. ಅದರ ಸ್ವರಗಳು ಕಟ್ಟಿಹಾಕಿದಂತಿವೆ, ಒಂದರಿಂದ ಇನ್ನೊಂದಕ್ಕೆ ಜಾರುವುದಿಲ್ಲ ಎಂಬುದು ದೂರು. ದೂರಿನಲ್ಲಿ ಹುರುಳಿತ್ತು. ನನ್ನ ವಾದ್ಯಕ್ಕೆ ಅದು ತಗಲುವುದೇ ಇಲ್ಲ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಆ ಒಂದು ವೋಲ್ಟಿನೊಳಗೆ ಮೆಟ್ಟಿಲುಗಳಿಲ್ಲ, ಇಳಿಜಾರು ಮಾತ್ರ. ತಿರುಪನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಷ್ಟು ಬೇಕಾದರೂ ಅಲುಗಿಸಬಹುದು. ಗಮಕಕ್ಕೆ ಇನ್ನೇನು ಬೇಕು? ಕೈ ಬೇಕು, ಕಿವಿ ಬೇಕು. ಅದು ಪೆಟ್ಟಿಗೆಯ ಜತೆ ಬರುವುದಿಲ್ಲ, ನಿಜ. ವೀಣೆಯ ಜತೆಗೂ ಬರುವುದಿಲ್ಲ.

ಪರದೇಶದ್ದು ಎಂಬ ಆಕ್ಷೇಪವಂತೂ ನಮ್ಮ ಜಿಲ್ಲೆಯವರ ಬಾಯಲ್ಲಿ ಶೋಭಿಸದು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೊಫೋನು ಇಲ್ಲಿ ದೇವರ ಉತ್ಸವದಲ್ಲಿ, ಮದುವೆಯ ಚಪ್ಪರದಲ್ಲಿ ನುಡಿಯುತ್ತದೆ. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಕದ್ರಿ ಗೋಪಾಲನಾಥರು ಬಂಟ್ವಾಳದ ಕಡೆಯವರು. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರು ಅದನ್ನೂ ಪಿಟೀಲನ್ನೂ ಯಕ್ಷಗಾನಕ್ಕೇ ತಂದರು. ಆ ಪ್ರಯೋಗ ಒಪ್ಪದವರು ಕೇಳಿ ಒಪ್ಪದಿರಲಿ; ಕೇಳದೆ ತೀರ್ಪು ಕೊಡುವುದು ಬೇರೆ ಮಾತು. ಸಿಂಥೆಸೈಸರ್ ಕೂಡ ಈ ದೇಶಕ್ಕೆ ನಿನ್ನೆ ಬಂದದ್ದಲ್ಲ: ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಯಂತ್ರವನ್ನು ಹೂಡಿದ್ದರು.

ಒಂದು ಗುಂಡಿ ಒತ್ತಿದರೆ ತಬಲ, ಪಿಟೀಲು, ಚಪ್ಪಾಳೆ ಎಲ್ಲ ತಾನಾಗಿ ಹೊರಡುವ ಕೀಬೋರ್ಡುಗಳಿವೆಯಲ್ಲ, ಅವುಗಳ ಮೇಲೆ ಮಹನೀಯರು ದಂಡೆತ್ತಿ ಹೋದರೆ ನಾನೂ ಹಿಂದೆ ಬರುತ್ತೇನೆ. ಇದರ ಪಾಡು ಬೇರೆ. ಒಂದು ಭಾಗದಿಂದ ಇನ್ನೊಂದಕ್ಕೆ ವಯರು ಸಿಕ್ಕಿಸುವವರೆಗೆ ಇದು ಮೂಕ. ನಿನ್ನೆ ಸಿಕ್ಕಿದ ದನಿ, ವಯರು ಕಿತ್ತರೆ, ಇವತ್ತು ಇಲ್ಲ. ಶಿರಾಡಿಯ ಮಳೆ ಹಿಡಿದು ಚಳಿ ಏರಿದ ಸಂಜೆಯಂತೂ ಶ್ರುತಿ ನಿಲ್ಲದೆ ಜಾರುತ್ತದೆ. ಅರ್ಧ ಗಂಟೆ ಕಾಯಲು ಬಿಟ್ಟು, ಕಿವಿಗೊಟ್ಟು, ಕೂದಲೆಳೆಯಷ್ಟು ತಿರುಗಿಸುತ್ತ ಕೂಡಬೇಕು. ಆಟಕ್ಕೆ ಮೊದಲು ಮದ್ದಳೆಯವರು ಪಡುವ ಪಾಡೂ ಹೆಚ್ಚುಕಡಮೆ ಇದೇ. ಯಂತ್ರಕ್ಕೆ ದುಡಿಮೆಯಿಲ್ಲ ಎನ್ನುವವರು ಈ ಆಟಿ ತಿಂಗಳಲ್ಲಿ ಒಂದು ಸಂಜೆ ದಯಮಾಡಿಸಲಿ. ಕಾಫಿ ನಮ್ಮ ಮನೆಯದು. ಶ್ರುತಿ ಮಾಡುವ ಕೆಲಸ ಅವರದು.