ಚರಂಡಿ ಕಮಿಟಿಯಿಂದ ದಿಲ್ಲಿಯವರೆಗೆ



ಪ್ರತಿ ವರ್ಷ ಅಕ್ಟೋಬರ್ 31ರಂದು ಸರ್ದಾರ್ ವಲ್ಲಭಭಾಯಿ ಪಟೇಲರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಸಂಸ್ಥಾನಗಳನ್ನು ಒಂದುಗೂಡಿಸಿದ ಉಕ್ಕಿನ ಮನುಷ್ಯ ಎಂದು ಭಾಷಣಗಳಾಗುತ್ತವೆ. 2018ರಲ್ಲಿ ನರ್ಮದೆಯ ದಡದಲ್ಲಿ 182 ಮೀಟರ್ ಎತ್ತರದ ಪ್ರತಿಮೆಯೂ ಎದ್ದು ನಿಂತಿತು. ಆದರೆ ದಿಲ್ಲಿಯಲ್ಲಿ ಮಂತ್ರಿಯಾಗುವ 29 ವರ್ಷ ಮೊದಲೇ ಇವರು ಅಹಮದಾಬಾದ್ ಪುರಸಭೆಯಲ್ಲಿ ಚರಂಡಿ, ಕಸ, ಕುಡಿಯುವ ನೀರಿನ ಕೆಲಸಕ್ಕೆ ಇಳಿದಿದ್ದರು ಎಂಬುದನ್ನು ಹೇಳುವವರು ಕಡಿಮೆ. ಪಂಚಾಯಿತಿ ಸದಸ್ಯನೆಂದರೆ ಅಷ್ಟೇನೂ ಲೆಕ್ಕಕ್ಕಿಲ್ಲದವನು ಎಂದು ನಮ್ಮಲ್ಲಿ ಹಲವರು ಎಣಿಸುವುದರಿಂದ, ಈ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಟೇಲರದು ಗುಜರಾತಿನ ಆಗಿನ ಖೇಡಾ ಜಿಲ್ಲೆಯ ಕರಮ್‌ಸದ್ ಗ್ರಾಮದ ಒಕ್ಕಲು ಮನೆತನ. ವಿಲಾಯತಿಯಲ್ಲಿ ಬ್ಯಾರಿಸ್ಟರ್ ಪರೀಕ್ಷೆ ಮುಗಿಸಿ 1913ರಲ್ಲಿ ಅಹಮದಾಬಾದಿನಲ್ಲಿ ವಕೀಲಿ ಹಿಡಿದರು. 1917ರಲ್ಲಿ ಪುರಸಭೆಗೆ ಆರಿಸಿಬಂದಾಗ ಅವರಿಗೆ ಸಿಕ್ಕಿದ್ದು ನೈರ್ಮಲ್ಯ ಸಮಿತಿ. ಅದೇ ವರ್ಷ ಊರಿಗೆ ಪ್ಲೇಗು ಬಂತು. ಅನುಕೂಲಸ್ಥರು ಊರು ಬಿಟ್ಟರು; ಪಟೇಲರು ಬಿಡಲಿಲ್ಲ. ಗಲ್ಲಿ ಗಲ್ಲಿ ತಿರುಗಿ ಚರಂಡಿಗಳನ್ನು ನೋಡಿದರು. ಮುಂದೆ ಪುರಸಭೆಯ ಶಾಲೆಗಳು ಸರ್ಕಾರದ ಹತೋಟಿಯಲ್ಲಿ ಇರಬಾರದೆಂದು ಹಟ ಹಿಡಿದಾಗ, 1922ರಲ್ಲಿ ಸರ್ಕಾರ ಪುರಸಭೆಯನ್ನೇ ಸೂಪರ್‌ಸೀಡ್ ಮಾಡಿತು. 1924ರಲ್ಲಿ ಮತ್ತೆ ಚುನಾವಣೆ ನಡೆದಾಗ ಅವರೇ ಅಧ್ಯಕ್ಷರಾದರು. 1928ರವರೆಗೆ ಆ ಸ್ಥಾನದಲ್ಲಿದ್ದರು.

ಇಷ್ಟೇ ಆಗಿದ್ದರೆ ಅದು ಪೇಟೆಯವರ ಕಥೆಯಾಗುತ್ತಿತ್ತು. ಅವರು ಪುರಸಭೆಗೆ ಬಂದ ಮೇಲೆ, 1917-18ರ ಸಾಲಿನಲ್ಲಿ, ಖೇಡಾ ಜಿಲ್ಲೆಯಲ್ಲಿ ಬೆಳೆ ಕೈಕೊಟ್ಟಿತು. ನಮ್ಮ ಹಿರಿಯರಿಗೆ ಆಣೆವಾರಿ ಎಂದರೆ ಏನೆಂದು ಗೊತ್ತು. ಪೂರ್ಣ ಬೆಳೆಗೆ 16 ಆಣೆ ಎಂದು ಹಿಡಿದು, ಆ ವರ್ಷದ ಫಸಲು ಎಷ್ಟು ಆಣೆ ಎಂದು ಗೊತ್ತುಮಾಡುವುದು. 4 ಆಣೆಗಿಂತ ಕಡಿಮೆ ಬಂದರೆ ಆ ವರ್ಷದ ಕಂದಾಯ ವಸೂಲಿಯನ್ನು ತಡೆಹಿಡಿಯಬೇಕೆಂಬುದು ಸರ್ಕಾರದ್ದೇ ನಿಯಮ. ಅಧಿಕಾರಿಗಳ ಕಾಗದದಲ್ಲಿ 4 ಆಣೆಗೆ ಮೇಲಿತ್ತು, ರೈತನ ಕಣದಲ್ಲಿ ಅದಕ್ಕಿಂತ ಕೆಳಗಿತ್ತು. ಗಾಂಧೀಜಿಯವರ ಜೊತೆಗೂಡಿ ಪಟೇಲರು ವಕೀಲಿಯನ್ನು ಬದಿಗಿಟ್ಟು ಹಳ್ಳಿ ಹಳ್ಳಿಗೆ ಹೋದರು. ಬೆಳೆಯ ವಿಚಾರಣೆ ಮಾಡಿದರು, ಕಂದಾಯ ಕೊಡಬೇಡಿರೆಂದು ರೈತರನ್ನು ಒಗ್ಗೂಡಿಸಿದರು. ಕೊನೆಗೆ ಕೊಡಲು ಶಕ್ತಿಯಿದ್ದವರಿಂದ ಮಾತ್ರ ವಸೂಲು ಮಾಡುವುದೆಂದಾಯಿತು. ಅದೇನೂ ತುಂಬು ಗೆಲುವಲ್ಲ. ಗಾಂಧೀಜಿಯವರಿಗೇ ಅದರಲ್ಲಿ ಸಮಾಧಾನವಿರಲಿಲ್ಲ.

1923ರಲ್ಲಿ ಬೋರ್ಸದ್ ತಾಲ್ಲೂಕಿನ ಮೇಲೆ ಸರ್ಕಾರ ದಂಡದ ತೆರಿಗೆ ಹಾಕಿತು. ಡಕಾಯಿತರನ್ನು ಹಿಡಿಯಲು ಹೆಚ್ಚಿನ ಪೊಲೀಸರು ಬೇಕು, ಅವರ ಖರ್ಚಿಗೆ ವಯಸ್ಸಿಗೆ ಬಂದ ಪ್ರತಿಯೊಬ್ಬರೂ 2 ರೂಪಾಯಿ 7 ಆಣೆ ಕೊಡಬೇಕೆಂದು. ಪಟೇಲರು ವಿಚಾರಿಸಿ ನೋಡಿದರೆ, ಒಬ್ಬ ಡಕಾಯಿತನನ್ನು ಹಿಡಿಯಲು ಪೊಲೀಸರೇ ಇನ್ನೊಬ್ಬ ಡಕಾಯಿತನಿಗೆ ಬಂದೂಕು ಕೊಟ್ಟ ಸಂಗತಿ ಹೊರಬಿತ್ತು! ಕೆಲವೇ ವಾರಗಳಲ್ಲಿ ತೆರಿಗೆ ರದ್ದಾಯಿತು.

ಇನ್ನು ಬಾರ್ಡೋಲಿ. ಸೂರತ್ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷಕ್ಕೊಮ್ಮೆ ಆಗುವ ಕಂದಾಯ ಪರಿಷ್ಕರಣೆ ಬಂತು. ಸೆಟ್ಲ್‌ಮೆಂಟ್ ಅಧಿಕಾರಿ ಶೇ. 30ರಷ್ಟು ಏರಿಸಬಹುದೆಂದು ಬರೆದರು. ಸರ್ಕಾರ ಕೊನೆಗೆ ಶೇ. 22ಕ್ಕೆ ನಿಲ್ಲಿಸಿತು. ಈ ಏರಿಕೆಗೆ ಮುಖ್ಯ ಆಧಾರ ಗೇಣಿಯ ಅಂಕಿಗಳು. ಆ ಅಂಕಿಗಳನ್ನು ಹೊಲಕ್ಕೆ ಹೋಗಿ ಪರೀಕ್ಷಿಸಿಲ್ಲ, ನಿಷ್ಪಕ್ಷಪಾತ ವಿಚಾರಣೆ ಆಗಲಿ ಎಂಬುದೊಂದೇ ರೈತರ ಬೇಡಿಕೆ. 1928ರ ಫೆಬ್ರವರಿಯಲ್ಲಿ ಸತ್ಯಾಗ್ರಹ ಆರಂಭವಾಯಿತು. ಪಟೇಲರು ತಾಲ್ಲೂಕನ್ನು ಶಿಬಿರಗಳಾಗಿ ವಿಂಗಡಿಸಿ, ಸುದ್ದಿ ಪತ್ರಿಕೆ ಹೊರಡಿಸಿ, ಊರೂರಿಗೆ ತಿರುಗಿದರು. ಜಪ್ತಿಗೆ ಬಂದವರಿಗೆ ಸಿಗದಂತೆ ಜನ ತಮ್ಮ ಎಮ್ಮೆಗಳನ್ನು ಮನೆಯೊಳಗೆ ಕೂಡಿ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆದರು. ಗಾಳಿ ಬೆಳಕಿಲ್ಲದೆ ರಾಸುಗಳು ಕಾಯಿಲೆ ಬಿದ್ದವು. ದನ ಕಟ್ಟಿದ ನಿಮಗೆ ಆ ಕಷ್ಟ ವಿವರಿಸಬೇಕಾಗಿಲ್ಲ.

ಆಗಸ್ಟ್‌ನಲ್ಲಿ ಸರ್ಕಾರ ವಿಚಾರಣೆಗೆ ಒಪ್ಪಿತು. ವಿಚಾರಣೆಗೆ ಕುಳಿತ ಇಬ್ಬರು ಅಧಿಕಾರಿಗಳಲ್ಲಿ ಒಬ್ಬರು ಬ್ರೂಮ್‌ಫೀಲ್ಡ್. 1922ರಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ ನ್ಯಾಯಾಧೀಶರೇ ಇವರು. ಅವರು ಹಳ್ಳಿಗಳಿಗೆ ಹೋಗಿ ನೋಡಿದಾಗ ಗೇಣಿಯ ಅಂಕಿಗಳು ನಂಬಲು ಯೋಗ್ಯವಲ್ಲವೆಂದು ಕಂಡಿತು. ಏರಿಕೆ ಶೇ. 22ರಿಂದ ಸುಮಾರು ಶೇ. 6ಕ್ಕೆ ಇಳಿಯಿತು. ಸತ್ಯಾಗ್ರಹ ಗೆದ್ದದ್ದು ಘೋಷಣೆಯಿಂದ ಎನ್ನುವವರಿದ್ದಾರೆ. ನನಗೆ ಕಾಣುವಂತೆ, ರೈತರ ಒಗ್ಗಟ್ಟಿನ ಹಿಂದೆ ಸರಿಯಾದ ಲೆಕ್ಕವೂ ಇತ್ತು. ಚರಂಡಿಯನ್ನು ಹೋಗಿ ಕಣ್ಣಾರೆ ನೋಡಿ ಬರುತ್ತಿದ್ದ ಪುರಸಭೆಯ ಸದಸ್ಯ, ಹೊಲದ ವಿಷಯದಲ್ಲೂ ಅದೇ ಮಾಡಿದ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ತಾಲ್ಲೂಕಿನಲ್ಲಿ ಭೂಮಿಯ ಒಡೆಯರ ಮನೆಗಳಲ್ಲಿ ಸಾಲಕ್ಕಾಗಿ ಜೀತ ಮಾಡುತ್ತಿದ್ದ ಹಾಳಿಗಳೆಂಬ ಕೂಲಿಗಳಿದ್ದರು. ಕಂದಾಯ ಇಳಿದದ್ದರಿಂದ ಅವರ ಜೀತ ಬಿಡಲಿಲ್ಲ. ಹೋರಾಟ ಖಾತೆದಾರರದ್ದಾಗಿತ್ತು.

ಮುಂದಿನದು ಪಠ್ಯಪುಸ್ತಕಗಳಲ್ಲಿ ಇರುವುದೇ. 1931ರಲ್ಲಿ ಕರಾಚಿ ಕಾಂಗ್ರೆಸ್ಸಿನ ಅಧ್ಯಕ್ಷರು, 1946ರಲ್ಲಿ ಮಧ್ಯಂತರ ಸರ್ಕಾರದ ಗೃಹಮಂತ್ರಿ, 1947ರಿಂದ ಉಪಪ್ರಧಾನಿ. 560ಕ್ಕೂ ಹೆಚ್ಚು ಸಂಸ್ಥಾನಗಳು ಒಕ್ಕೂಟಕ್ಕೆ ಸೇರಿದವು. ನಮ್ಮ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಬೀದರ್, ಗುಲ್ಬರ್ಗ, ರಾಯಚೂರು ನಿಜಾಮನ ಆಳ್ವಿಕೆಯಿಂದ ಹೊರಬಂದವು. 1950ರ ಡಿಸೆಂಬರ್ 15ರಂದು ಪಟೇಲರು ತೀರಿಕೊಂಡರು.

ಆದರೆ ದಿಲ್ಲಿಯ ಆ ದೊಡ್ಡ ಕೆಲಸಗಳಿಗೆ ಮುಂಚೆಯೇ ಖೇಡಾ ರೈತರ ಹಾಲಿನ ತಕರಾರೂ ಅವರ ಬಳಿಗೆ ಬಂದಿತ್ತು. ಮುಂಬಯಿಗೆ ಹೋಗುವ ಹಾಲನ್ನು ಕೊಳ್ಳುವ ಹಕ್ಕು ಒಂದೇ ಖಾಸಗಿ ಡೇರಿಗೆ. ಅದು ಕೊಟ್ಟದ್ದೇ ದರ. ನಿಮ್ಮದೇ ಸಹಕಾರ ಸಂಘ ಮಾಡಿಕೊಳ್ಳಿ ಎಂದು ಪಟೇಲರು ಹೇಳಿ, ಮೊರಾರ್ಜಿ ದೇಸಾಯಿಯವರನ್ನು ಕಳಿಸಿದರು. ರೈತರು ಹದಿನೈದು ದಿನ ಹಾಲು ಕೊಡುವುದನ್ನೇ ನಿಲ್ಲಿಸಿದರು. 1946ರ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಂಘ ನೋಂದಣಿಯಾಯಿತು. ತ್ರಿಭುವನದಾಸ ಪಟೇಲರು ಅದನ್ನು ಬೆಳೆಸಿದರು. 1974ರಿಂದ ನಮ್ಮ ರಾಜ್ಯದಲ್ಲಿ ಊರೂರಿಗೆ ಬಂದ ಹಾಲಿನ ಡೇರಿಗಳದ್ದು ಅದೇ ಮಾದರಿ.

ಈಗ ನಿಮ್ಮ ಹೊಲಕ್ಕೆ ಬರೋಣ. ಆಣೆವಾರಿಯ ಜಾಗದಲ್ಲಿ ಬೆಳೆ ಕಟಾವು ಪ್ರಯೋಗ ಬಂದಿದೆ. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ಪರಿಹಾರ ಸಾಮಾನ್ಯವಾಗಿ ನಿಮ್ಮೊಬ್ಬರ ನಷ್ಟವನ್ನು ನೋಡಿ ತೀರ್ಮಾನವಾಗುವುದಿಲ್ಲ, ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ಆಗುತ್ತದೆ. ಆ ಸರಾಸರಿಯನ್ನು ಕೆಲವೇ ಹೊಲಗಳಲ್ಲಿ, ಹೆಚ್ಚಿನ ಬೆಳೆಗಳಿಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ಮಡಿಯಲ್ಲಿ, ಕೊಯ್ದು ಒಕ್ಕಿ ತೂಗಿ ತೆಗೆಯುತ್ತಾರೆ. ಅಂಥ ಮಡಿಯಲ್ಲಿ 1 ಕಿಲೋ ಹೆಚ್ಚು ಬರೆದರೆ ಹೆಕ್ಟೇರಿಗೆ 4 ಕ್ವಿಂಟಾಲ್, ಎಕರೆಗೆ ಸುಮಾರು 160 ಕಿಲೋ ಹೆಚ್ಚು ಬೆಳೆದಂತಾಯಿತು. ಬೆಳೆದದ್ದು ಕಾಗದದಲ್ಲಿ ಮಾತ್ರ! ಹಗ್ಗ ಸಡಿಲಾಗಿ ಮಡಿ ಅರ್ಧ ಮೀಟರ್ ಹೆಚ್ಚಿದರೂ ತೂಕ ಏರುತ್ತದೆ.

ಆದ್ದರಿಂದ ಕೊಯ್ಲಿಗೆ ಮೊದಲೇ ಗ್ರಾಮ ಆಡಳಿತಾಧಿಕಾರಿಯನ್ನೋ ನಮ್ಮ ರೈತ ಸಂಪರ್ಕ ಕೇಂದ್ರವನ್ನೋ ಕಂಡು, ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಪ್ರಯೋಗವೆಂದು ಕೇಳಿಕೊಳ್ಳಿ. ನಾಲ್ಕು ಜನ ಹೋಗಿ ನಿಲ್ಲಿ. ಹಗ್ಗ ಅಳೆಯಿರಿ, ತಕ್ಕಡಿ ನೋಡಿ, ತೂಕ ಬರೆದುಕೊಳ್ಳಿ. ನಿಮ್ಮ ವಾರ್ಡಿನ ಪಂಚಾಯಿತಿ ಸದಸ್ಯನನ್ನೂ ಕರೆಯಿರಿ. ಮುಂದೆ ಅವನು ತಾಲ್ಲೂಕಿಗೋ ವಿಧಾನಸಭೆಗೋ ನಿಲ್ಲುತ್ತೇನೆಂದು ಬಂದಾಗ, ಆ ದಿನ ಹೊಲಕ್ಕೆ ಬಂದಿದ್ದನೋ ಇಲ್ಲವೋ ಎಂದು ನಿಮಗೆ ನೆನಪಿರುತ್ತದೆ.