ಪುಸ್ತಕ ಮುಚ್ಚಿ ಹೇಳು, ತಂಗಿ

ಕಳೆದ ವರ್ಷ ಹೆಸರಿನ ಸುಗ್ಗಿಯ ಹೊತ್ತಿಗೆ ನವಲಗುಂದ ತಾಲ್ಲೂಕಿನ ತಿರ್ಲಾಪುರಕ್ಕೆ ಹೋಗಿದ್ದೆ. ಹಳೆಯ ಪರಿಚಯದ ರೈತರೊಬ್ಬರ ಮನೆ. ಚಹಾ ಕುಡಿದು ಮಳೆ-ಬೆಳೆಯ ಮಾತು ಮುಗಿದ ಮೇಲೆ ಅವರು ಮನಸ್ಸಿನಲ್ಲಿದ್ದುದನ್ನು ಹೊರಹಾಕಿದರು.

“ಸರ, ನಮ್ಮ ಹುಡುಗಿಗೆ ನೀವಾದ್ರೂ ಒಂದು ಮಾತು ಹೇಳ್ರಿ. ರಾತ್ರಿ ಹನ್ನೆರಡರ ತನಕ ಲೈಟ್ ಆರಂಗಿಲ್ಲ. ಆದ್ರೂ ಎರಡು ಪೇಪರ್ ಉಳದಾವ. ಈ ಸಲಾನೂ ಹಂಗ ಆದ್ರ ಕಾಲೇಜು ಬಿಡಸ್ರಿ ಅಂತ ಮನ್ಯಾಗ ಎಲ್ಲಾರೂ ಅನ್ನಾಕತ್ತಾರ. ಗಂಡೂ ನೋಡ್ಯಾರ.”

ಬಿ.ಎ. ಓದುತ್ತಿದ್ದ ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಕರೆದು ಅರ್ಥಶಾಸ್ತ್ರದ ಪುಸ್ತಕ ತರಿಸಿದೆ. ಪುಟ ತೆರೆದರೆ ಎಲ್ಲವೂ ಹಳದಿ! ಮುಖ್ಯವಾದುದಕ್ಕೆ ಬಣ್ಣ ಹಚ್ಚಲು ಹೊರಟು ಕೊನೆಗೆ ಒಂದು ಸಾಲನ್ನೂ ಬಿಟ್ಟಿರಲಿಲ್ಲ.

“ಬೇಡಿಕೆಯ ಸ್ಥಿತಿಸ್ಥಾಪಕತ್ವದ ಪಾಠ ಎಷ್ಟು ಸಲ ಓದೀದಿ?”

“ಐದು ಸಲ ಆತ್ರಿ ಸರ.”

“ಹಂಗಾರ ಪುಸ್ತಕ ಮುಚ್ಚಿ ಹೇಳು, ತಂಗಿ. ಅದನ್ನ ನಿರ್ಧರಿಸೋ ಅಂಶಗಳು ಯಾವುವು?”

ಒಂದು ಹೇಳಿದಳು. ಎರಡನೆಯದಕ್ಕೆ ತಡವರಿಸಿದಳು. ಮೂರನೆಯದು ಬರಲೇ ಇಲ್ಲ. ಕಣ್ಣಲ್ಲಿ ನೀರು. “ಓದೂವಾಗ ಎಲ್ಲಾ ಗೊತ್ತಿರ್ತದ್ರಿ ಸರ. ಮುಚ್ಚಿದ್ರ ಒಂದೂ ಬರಂಗಿಲ್ಲ.”

ಪಾಲಕರೇ, ಈ ಮಾತನ್ನು ಸುಳ್ಳೆಂದು ತಿಳಿಯಬೇಡಿ. ಅವಳು ಸೋಮಾರಿಯೂ ಅಲ್ಲ, ದಡ್ಡಳೂ ಅಲ್ಲ. ಅವಳು ಆರಿಸಿಕೊಂಡಿದ್ದ ಓದಿನ ದಾರಿ ತಪ್ಪಾಗಿತ್ತು. ಆ ದಾರಿಯನ್ನು ತೋರಿಸಿದವರಲ್ಲಿ ನನ್ನಂಥ ಮೇಷ್ಟ್ರುಗಳೂ ಇದ್ದೇವೆ. ಪಾಠ ಹೇಳಿದ ಅಷ್ಟೂ ವರ್ಷ “ಓದಿರಿ, ಮತ್ತೆ ಮತ್ತೆ ಓದಿರಿ” ಎಂದೆನೇ ಹೊರತು ಹೇಗೆ ಓದಬೇಕೆಂದು ಒಂದು ದಿನವೂ ಹೇಳಿಕೊಡಲಿಲ್ಲ.

ಗುರುತು ಹಿಡಿಯುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ. ಸಂತೆಯಲ್ಲಿ ಎದುರಾದವರ ಮುಖ ಕಂಡ ಕೂಡಲೇ “ಇವರನ್ನು ಬಲ್ಲೆ” ಎನಿಸುತ್ತದೆ. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಐದನೆಯ ಸಲ ಓದುವ ಪಾಠವೂ ಹಾಗೆಯೇ. ಸಾಲುಗಳು ಪರಿಚಿತವಾಗಿರುತ್ತವೆ, ಓದು ಸರಾಗವಾಗಿ ಸಾಗುತ್ತದೆ. ಆ ಸರಾಗವನ್ನೇ ನಾವು ಕಲಿಕೆ ಎಂದುಕೊಳ್ಳುತ್ತೇವೆ. ಆದರೆ ಪರೀಕ್ಷೆಯ ಹಾಲ್‌ನಲ್ಲಿ ಪುಸ್ತಕ ಎದುರಿಗಿರುವುದಿಲ್ಲ. ಅಲ್ಲಿ ಬೇಕಾದದ್ದು ಹೆಸರು, ಮುಖವಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಚಿಕ್ಕ ಪಾಠವೊಂದನ್ನು ನಾಲ್ಕು ಅವಧಿಯಲ್ಲೂ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠವನ್ನು ಪಕ್ಕಕ್ಕಿಟ್ಟು ನೆನಪಾದುದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದು: ಅವರಿಗೆ ಶೇ. ೮೩ರಷ್ಟು ನೆನಪಿತ್ತು, ಬರೆದವರಿಗೆ ಶೇ. ೭೧. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುವುಮುರುವಾಯಿತು. ಓದಿದವರಲ್ಲಿ ಉಳಿದದ್ದು ಶೇ. ೪೦, ನೆನೆದು ಬರೆದವರಲ್ಲಿ ಶೇ. ೬೧. ಮೊದಲ ಗುಂಪು ಪಾಠವನ್ನು ಸರಾಸರಿ ಹದಿನಾಲ್ಕು ಸಲ ಓದಿತ್ತು, ಎರಡನೆಯದು ಮೂರು-ನಾಲ್ಕು ಸಲ ಅಷ್ಟೇ! ತಮಾಷೆಯೆಂದರೆ, “ನಮಗೆ ಚೆನ್ನಾಗಿ ನೆನಪಿರುತ್ತದೆ” ಎಂಬ ಭರವಸೆ ಹೆಚ್ಚಾಗಿದ್ದುದು ಹದಿನಾಲ್ಕು ಸಲ ಓದಿದವರಿಗೇ.

ಹೀಗಿದ್ದರೂ ಎಲ್ಲ ಕಡೆಯ ವಿದ್ಯಾರ್ಥಿಗಳು ಹಿಡಿಯುವುದು ಹಳೆಯ ದಾರಿಯನ್ನೇ. ೨೦೦೯ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಇದೇ ಸಂಶೋಧಕರು ೧೭೭ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಶೇ. ೮೪ ಮಂದಿ ಟಿಪ್ಪಣಿ, ಪುಸ್ತಕಗಳನ್ನು ಮರಳಿ ಓದುವುದಾಗಿ ಹೇಳಿದರು. ತಾವೇ ನೆನಪಿಸಿಕೊಂಡು ನೋಡುತ್ತೇವೆ ಎಂದವರು ಶೇ. ೧೧ ಮಾತ್ರ. ೨೦೧೩ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಸಾಲಿಗೆ ಬಣ್ಣ ಹಚ್ಚುವುದು, ಮರಳಿ ಓದುವುದು ಕೆಳಗಿನ ದರ್ಜೆಯಲ್ಲಿ ಬಂದವು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೆ ಮಾತ್ರ: ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವುದು, ಮತ್ತು ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು.

ಈ ಎರಡನೆಯ ಮಾತನ್ನು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ದಿನ ನಾನು ಅವರನ್ನೇ ಕೇಳಿದೆ. “ಹತ್ತಿಗೆ ಎಡಿ ಹೊಡೀತೀರಿ. ಎಲ್ಲಾನೂ ಒಂದ ದಿನ ಹೊಡದು ಮುಗಿಸಿಬಿಟ್ರ ಹೆಂಗ?”

ಅವರು ನಕ್ಕರು. “ಅದು ಹೆಂಗ ನಡೀತದ್ರಿ ಸರ? ಒಮ್ಮೆ ಹೊಡದ ಮ್ಯಾಲ ಮತ್ತ ಕಸ ಏಳಬೇಕು, ನೆಲ ಬಿಗೀಬೇಕು, ಆಮ್ಯಾಲ ಇನ್ನೊಮ್ಮೆ.”

ಓದೂ ಅಷ್ಟೇ. ಮರೆವೆಂಬ ಕಸ ತುಸು ಎದ್ದ ಮೇಲೆ ಹೊಡೆದ ಎಡೆಗೇ ಬೆಲೆ ಹೆಚ್ಚು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ೧೮೮೫ರಷ್ಟು ಹಿಂದೆಯೇ ಇದನ್ನು ತನ್ನ ಮೇಲೆಯೇ ಪ್ರಯೋಗಿಸಿ ಕಂಡುಕೊಂಡಿದ್ದ. ಅರ್ಥವಿಲ್ಲದ ಅಕ್ಷರಗಳ ಸಾಲನ್ನು ಕಲಿಯಲು ಒಂದೇ ದಿನ ೬೮ ಸಲ ಓದಿದ್ದರಿಂದ ಆದ ಉಪಯೋಗ, ಮೂರು ದಿನಗಳಲ್ಲಿ ಹಂಚಿ ಓದಿದಾಗ ೩೮ ಸಲಕ್ಕೇ ಸಿಕ್ಕಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ.

ಮೊದಲನೆಯ ಮಾತೂ ನಮಗೆ ಹೊಸದಲ್ಲ. ನಮ್ಮ ಸಾಲೆಗಳಲ್ಲಿ ಮಗ್ಗಿ ಕಲಿಸುತ್ತಿದ್ದುದು ಹೇಗೆ? ಸಂಜೆ ಎಲ್ಲರೂ ಒಟ್ಟಾಗಿ ಒದರುತ್ತಿದ್ದೆವು, ನಿಜ. ಆದರೆ ಪಕ್ಕಾ ಆಗುತ್ತಿದ್ದುದು ಮಾಸ್ತರರು ನಡುವಿನಿಂದ ತಟ್ಟನೆ “ಏಳೆಂಟ್ಲೆ?” ಎಂದು ಕೇಳಿದಾಗ. ಊರ ಗುಡಿಯ ಮುಂದೆ ದೊಡ್ಡಾಟ ಆಡುವವರಲ್ಲಿ ಓದು ಬಾರದವರೂ ಇದ್ದರು. ಪುಸ್ತಕವಿಲ್ಲದೆ ತಾಲೀಮಿನಲ್ಲಿ ರಾತ್ರಿ ರಾತ್ರಿ ಹೇಳಿ ಹೇಳಿಯೇ ಇಡೀ ಪಾತ್ರವನ್ನು ಬಾಯಲ್ಲಿಟ್ಟುಕೊಂಡರು. ಕಾಲೇಜಿಗೆ ಬಂದ ಮೇಲೆ ನಾವು ಆ ತಾಲೀಮನ್ನು ಬಿಟ್ಟು ಬರೀ ಪುಸ್ತಕ ಹಿಡಿದು ಕುಳಿತೆವು.

ಹಾಗಾದರೆ ಮಾಡಬೇಕಾದದ್ದೇನು? ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಪಾಠವನ್ನು ಒಮ್ಮೆ ಅರ್ಥ ಮಾಡಿಕೊಂಡು ನಿಧಾನವಾಗಿ ಓದು. ಪುಸ್ತಕ ಮುಚ್ಚು. ಖಾಲಿ ಹಾಳೆಯ ಮೇಲೆ ನೆನಪಿದ್ದುದನ್ನೆಲ್ಲ ಬರೆ. ಬಾರದಿದ್ದರೆ ಕೂಡಲೇ ಪುಸ್ತಕ ತೆರೆಯಬೇಡ, ಎರಡು ನಿಮಿಷ ತಿಣುಕಾಡು. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುವುದು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು, ತಪ್ಪಿದ್ದನ್ನು ಬೇರೆ ಶಾಯಿಯಲ್ಲಿ ತಿದ್ದು. ತಿದ್ದದೆ ಬಿಟ್ಟರೆ ತಪ್ಪೇ ಬೇರೂರೀತು, ಎಚ್ಚರ. ಮರುದಿನ, ಮೂರು-ನಾಲ್ಕು ದಿನದ ನಂತರ, ಮತ್ತೆ ವಾರ ಹದಿನೈದು ದಿನ ಬಿಟ್ಟು ಇದನ್ನೇ ಮಾಡು. ಪ್ರತಿ ಸಲವೂ ಮೊದಲು ಹಾಳೆ, ಆಮೇಲೆ ಪುಸ್ತಕ.

ಅರ್ಥವಾಗದ್ದನ್ನು ಬಾಯಿಪಾಠ ಮಾಡಬೇಡ. ನಿಮ್ಮ ಹೊಲದಿಂದಲೇ ಉದಾಹರಣೆ ಹುಡುಕು. ಉಳ್ಳಾಗಡ್ಡಿಯ ದರ ಎರಡು ಪಟ್ಟಾದರೂ ಸಾರಿಗೆ ಹಾಕುವುದನ್ನು ಜನ ಪೂರ್ತಿ ಬಿಡುವುದಿಲ್ಲ. ಇಳುವರಿ ತುಸು ಹೆಚ್ಚಾದರೆ ಪೇಟೆಯಲ್ಲಿ ದರ ಕುಸಿದು ಅಪ್ಪ ಖಾಲಿ ಕೈಯಲ್ಲಿ ಬರುತ್ತಾರೆ. ಸ್ಥಿತಿಸ್ಥಾಪಕತ್ವ ಕಡಿಮೆ ಎಂದರೆ ಇದೇ. (ಇದನ್ನು ಹೇಳಿದಾಗ ತಂದೆ-ಮಗಳು ಇಬ್ಬರೂ ಒಟ್ಟಿಗೆ ತಲೆಯೆತ್ತಿದರು.)

ಗಣಿತ, ವಿಜ್ಞಾನ ಓದುವವರು ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಸಾಲಾಗಿ ಬಿಡಿಸುವುದಕ್ಕಿಂತ ಬೇರೆ ಬೇರೆ ಬಗೆಯವನ್ನು ಕಲಸಿ ಬಿಡಿಸಲಿ. ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂದು ಗುರುತಿಸುವುದೇ ಪರೀಕ್ಷೆಯಲ್ಲಿ ಅರ್ಧ ಕೆಲಸ.

ಇನ್ನು ಬಸ್ಸಿನ ಹೊತ್ತು. ಹಳ್ಳಿಯಿಂದ ಹೋಗಿಬರುವ ಮಕ್ಕಳಿಗೆ ಇದು ದೊಡ್ಡ ನಷ್ಟವೆಂದು ಎಲ್ಲರೂ ಮರುಗುತ್ತಾರೆ. ನಿಂತುಕೊಂಡು ಪುಸ್ತಕ ಓದಲಾಗದು, ನಿಜ. ಆದರೆ ನಿನ್ನೆಯ ಪಾಠವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಲು ಸೀಟೂ ಬೇಡ, ಪುಸ್ತಕವೂ ಬೇಡ. ಗೆಳತಿ ಜೊತೆಗಿದ್ದರೆ ಒಬ್ಬರನ್ನೊಬ್ಬರು ಕೇಳಬಹುದು.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ಪುಸ್ತಕದ ಮುಂದೆ ಎಷ್ಟು ತಾಸು ಕೂತರೆಂದು ಎಣಿಸಬೇಡಿ. “ಇವತ್ತು ಏನು ಕಲಿತೆ? ಪುಸ್ತಕ ಮುಚ್ಚಿ ನನಗೆ ಹೇಳು” ಎನ್ನಿ. ನಿಮಗೆ ವಿಷಯ ತಿಳಿಯಬೇಕೆಂದಿಲ್ಲ, ಅಕ್ಷರವೂ ಬೇಕಿಲ್ಲ. ತಿಳಿಯದವರಿಗೆ ತಿಳಿಯುವಂತೆ ಹೇಳುವಾಗ ಮಕ್ಕಳಿಗೇ ತಮ್ಮ ತಿಳಿವಳಿಕೆಯ ಅಳತೆ ಸಿಗುತ್ತದೆ. ತಡವರಿಸಿದರೆ ಬೈಯಬೇಡಿ, ತಡವರಿಸುವುದೇ ಕಲಿಕೆಯ ಕೆಲಸ. ಮತ್ತು ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲು ಬಿಡಿ.

ಮೊನ್ನೆ ಆ ರೈತರು ಫೋನ್ ಮಾಡಿದ್ದರು. ಉಳಿದಿದ್ದ ಎರಡರಲ್ಲಿ ಒಂದು ಪೇಪರ್ ಪಾಸಾಗಿದೆ, ಇನ್ನೊಂದು ಐದು ಅಂಕಗಳಿಂದ ತಪ್ಪಿದೆ. ಪವಾಡವೇನೂ ಆಗಿಲ್ಲ. “ಮತ್ತ ಕಾಲೇಜು?” ಎಂದೆ, ಅಳುಕುತ್ತಲೇ.

“ಬಿಡಸಂಗಿಲ್ರಿ ಸರ. ಗಂಡಿನ ಕಡ್ಯಾವ್ರಿಗೆ ಡಿಗ್ರಿ ಮುಗೀಲಿ ಅಂತ ಹೇಳಿ ಕಳಸೇನಿ. ದಿನಾ ಸಂಜಿಕ ನಮ್ಮವ್ವನ ಮುಂದ ಕುಂತು ಪಾಠ ಒಪ್ಪಸ್ತಾಳ. ನಮ್ಮವ್ವಗೂ ಈಗ ಉಳ್ಳಾಗಡ್ಡಿ ದರ ಯಾಕ ಬೀಳತೈತಿ ಅಂತ ಗೊತ್ತಾಗೇತಿ.”