ಆದೇಶದ ಜೊತೆಗೆ ಹಣವೂ ಬರಲಿ



ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸುವ ಹೊಣೆ ಸ್ಥಳೀಯ ಸಂಸ್ಥೆಗಳದು. ಬೆಂಗಳೂರಿಗೂ ಇದೇ ನಿಯಮ, ಪಾವಗಡ ತಾಲ್ಲೂಕಿನ ಗ್ರಾಮ ಪಂಚಾಯಿತಿಗೂ ಇದೇ ನಿಯಮ. ಆದರೆ ಪಂಚಾಯಿತಿಗೆ ತನ್ನದೇ ಪಶುವೈದ್ಯರಿಲ್ಲ; ಅವರಿರುವುದು ಬೇರೆ ಇಲಾಖೆಯಲ್ಲಿ. ನಾಯಿ ಹಿಡಿಯುವವರೂ ಇಲ್ಲ, ಹಿಡಿದದ್ದನ್ನು ಇಟ್ಟುಕೊಳ್ಳಲು ಜಾಗವೂ ಇಲ್ಲ. ಊರಿನ ಮಗುವಿಗೆ ನಾಯಿ ಕಚ್ಚಿದ ದಿನ ಜನ ಸಿಟ್ಟಿನಿಂದ ಹೋಗಿ ನಿಲ್ಲುವುದು ಮಾತ್ರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿನ ಮುಂದೆಯೇ.

ಕಸದ ಕಥೆಯೂ ಇದೇ. ಸ್ವಚ್ಛ ಭಾರತ್ ಯೋಜನೆಯಲ್ಲಿ ಘಟಕ ಕಟ್ಟಲು, ವಾಹನ ಕೊಳ್ಳಲು ಹಣ ಬಂತು. ವಾಹನ ಓಡಿಸುವ, ಕಸ ಬೇರ್ಪಡಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ತಿಂಗಳು ತಿಂಗಳು ಗೌರವಧನ ಕೊಡುವ ಪಾಡು ಪಂಚಾಯಿತಿಯದಾಯಿತು. ದುಡ್ಡಿಲ್ಲದ ಕಡೆ ವಾಹನ ಕಚೇರಿಯ ಹಿಂದೆ ನಿಂತಿದೆ.

ಎಲ್ಲಕ್ಕಿಂತ ಭಾರವಾದದ್ದು ನೀರು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಮನೆ ಮನೆಗೆ ನಲ್ಲಿ ತಂದದ್ದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಮೋಟಾರು ಹೆಚ್ಚು ಹೊತ್ತು ಓಡಿದರೆ ಬಿಲ್ಲೂ ಏರುತ್ತದೆ. ಪೈಪು ಒಡೆಯುತ್ತದೆ, ಪಂಪು ಸುಡುತ್ತದೆ, ನೀರಗಂಟಿಗೆ ಸಂಬಳ ಕೊಡಬೇಕು. ಇದೆಲ್ಲ ಪಂಚಾಯಿತಿಯ ತಲೆಗೆ. ರಾಜ್ಯ ಕೊಡುವ ಶಾಸನಬದ್ಧ ಅನುದಾನದ ಬಹುಪಾಲು ವಿದ್ಯುತ್ ಬಿಲ್ಲಿಗೆ, ಸಿಬ್ಬಂದಿಯ ವೇತನಕ್ಕೇ ಮುಗಿದುಹೋಗುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಶಿಫಾರಸು ಮಾಡಿದ ಹಣದಲ್ಲೂ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ನ್ನು ಸಂಬಳಕ್ಕೆ ಮುಟ್ಟುವಂತಿರಲಿಲ್ಲ.

‘ತೆರಿಗೆ ಸರಿಯಾಗಿ ವಸೂಲಿ ಮಾಡಿ’ ಎಂಬುದು ವಿಧಾನಸೌಧದ ಸಿದ್ಧ ಉತ್ತರ. ವಸೂಲಿ ಸುಧಾರಿಸಬೇಕು, ಒಪ್ಪೋಣ. ಆದರೆ ಮನೆ ಕಂದಾಯದ ಮೇಲೆ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರಿಸಿ ವಸೂಲಿ ಮಾಡುವುದೂ ಪಂಚಾಯಿತಿಯೇ. ಆ ಹಣದ ಬಹುಪಾಲು ಬೇರೆ ಇಲಾಖೆಗಳಿಗೆ ಹೋಗುತ್ತದೆ, ಬೈಗುಳ ಮಾತ್ರ ಬಿಲ್ ಕಲೆಕ್ಟರ್‌ಗೆ. ದೇವನಹಳ್ಳಿಯ ಸುತ್ತಲಿನ ಪಂಚಾಯಿತಿಗೆ ಬಡಾವಣೆ, ಗೋದಾಮುಗಳ ತೆರಿಗೆಯಾದರೂ ಇದೆ. ಮಳೆ ನಂಬಿದ ಬಯಲುಸೀಮೆಯ ಊರು ಯಾರಿಂದ ವಸೂಲಿ ಮಾಡಬೇಕು?

ಈ ಕಷ್ಟ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲಿ ಮತದಾರರೇ ರಾಜ್ಯದ ಸಂವಿಧಾನ ತಿದ್ದಿ, ಸ್ಥಳೀಯ ಸಂಸ್ಥೆಗಳಿಗೆ ಹೊಸ ಕೆಲಸ ಹೊರಿಸಿದರೆ ಖರ್ಚನ್ನು ರಾಜ್ಯವೇ ತುಂಬಿಕೊಡಬೇಕೆಂದು ಬರೆಸಿದರು. ರಾಜ್ಯ ಬಾಕಿ ಉಳಿಸಿಕೊಳ್ಳುತ್ತಲೇ ಹೋದಾಗ 2004ರಲ್ಲಿ ಮತ್ತೆ ಬಿಗಿ ಮಾಡಿದರು: ನಗರ, ಕೌಂಟಿಗಳಿಗೆ ವಹಿಸಿದ ಕೆಲಸಕ್ಕೆ ಹಣ ಕೊಡು, ಇಲ್ಲವೇ ಆ ವರ್ಷದ ಮಟ್ಟಿಗೆ ಆದೇಶವನ್ನೇ ತಡೆಹಿಡಿ.

ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ ಅಧಿಕಾರ ವಿಕೇಂದ್ರೀಕರಣದ ದಾರಿ ತೋರಿದ ರಾಜ್ಯ ಇದು. 1993ರ ಪಂಚಾಯತ್ ರಾಜ್ ಕಾಯ್ದೆಗೆ ಅಂಥದ್ದೊಂದು ಕಲಂ ಸೇರಿಸಲು ಇದಕ್ಕೆ ಅಡ್ಡಿಯೇನು? ಪಂಚಾಯಿತಿಗೆ ಹೊರಡುವ ಪ್ರತಿ ಸುತ್ತೋಲೆಯ ಕೆಳಗೂ ಕೆಲಸದ ವಾರ್ಷಿಕ ಖರ್ಚೆಷ್ಟು, ಅದು ಯಾವ ಲೆಕ್ಕ ಶೀರ್ಷಿಕೆಯಿಂದ ಬರುತ್ತದೆ ಎಂದು ಬರೆಯುವುದು ಕಡ್ಡಾಯವಾಗಲಿ. ಅದನ್ನು ಬರೆಯದ ಸುತ್ತೋಲೆಯನ್ನು ಹಿಂದಕ್ಕೆ ಕಳಿಸುವ ಹಕ್ಕು ಗ್ರಾಮ ಪಂಚಾಯಿತಿಗೆ ಇರಲಿ.